ಡಿಕ್ಕಿಗೊಂದು, ಮಡಿಲಿಗೊಂದು: ದೂರದ ಬಸ್ ಪ್ರಯಾಣಕ್ಕೆ ಯಾವ ಚೀಲ?

ಬೆಳಗಿನ ಜಾವ ನಾಲ್ಕೂಕಾಲು. ಬಸ್ಸು ಒಂದು ತಿರುವಿನಲ್ಲಿ ನಿಂತಿದೆ, ಎಂಜಿನ್ ಆರಿಸಿಲ್ಲ. ನಿರ್ವಾಹಕರು ಡಿಕ್ಕಿಯ ಬಾಗಿಲೆತ್ತಿ, ಮೊಬೈಲ್ ಬೆಳಕು ಹಿಡಿದು, "ಯಾವುದು ನಿಮ್ಮದು? ಬೇಗ ತೆಗೆದುಕೊಳ್ಳಿ" ಎನ್ನುತ್ತಾರೆ. ಒಳಗೆ ಹತ್ತು ಹನ್ನೆರಡು ಕಪ್ಪು ಚೀಲಗಳು, ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ. ನನ್ನದು ಅಲ್ಲೆಲ್ಲೋ ಆಚೆ ಗೋಡೆಗೆ ಹೋಗಿ ಒರಗಿದೆ. ನಾಲ್ಕು ಚಕ್ರದ, ಗಟ್ಟಿ ಕವಚದ, ಅಂಗಡಿಯಲ್ಲಿ ಒಂದೇ ಬೆರಳಿನಿಂದ ತಳ್ಳಿ ನೋಡಿ ಮರುಳಾಗಿ ಕೊಂಡ ಸೂಟ್‌ಕೇಸ್. ಹತ್ತುವಾಗ ಬಾಗಿಲ ಪಕ್ಕದಲ್ಲೇ ನಿಲ್ಲಿಸಿದ್ದೆ. ಚಾಲಕರು ಬ್ರೇಕ್ ಒತ್ತಿದಾಗಲೆಲ್ಲ ಅದು ಡಿಕ್ಕಿಯೊಳಗೆ ತನ್ನದೇ ಪ್ರವಾಸ ಮಾಡಿಕೊಂಡಿತ್ತು. ಮಂಡಿಯೂರಿ, ಅರ್ಧ ಮೈ ಒಳಗೆ ತೂರಿಸಿ ಎಳೆದು ತೆಗೆದಾಗ ಒಂದು ಚಕ್ರ ಒಳಗೇ ಉಳಿಯಿತು. ಬಸ್ಸು ಹೊರಟಿತು. ಜಲ್ಲಿ ಚೆಲ್ಲಿದ ರಸ್ತೆಯಂಚಿನಲ್ಲಿ ನಾನೂ ಮೂರು ಚಕ್ರದ ಪೆಟ್ಟಿಗೆಯೂ ನಿಂತೆವು.

ಪೆಟ್ಟಿಗೆಯನ್ನು ಬೈದು ಫಲವಿಲ್ಲ, ಅದು ಹುಟ್ಟಿದ್ದೇ ಬೇರೆ ನೆಲಕ್ಕಾಗಿ. ಅಮೆರಿಕದ ಸೂಟ್‌ಕೇಸ್ ಕಂಪನಿಯೊಂದರಲ್ಲಿ ಅಧಿಕಾರಿಯಾಗಿದ್ದ ಬರ್ನಾರ್ಡ್ ಸ್ಯಾಡೋ 1970ರಲ್ಲಿ ವಿಮಾನ ನಿಲ್ದಾಣವೊಂದರಲ್ಲಿ ತಮ್ಮ ಪೆಟ್ಟಿಗೆಗಳನ್ನು ಹೊತ್ತು ಏದುಸಿರು ಬಿಡುತ್ತಿದ್ದಾಗ, ಕೆಲಸಗಾರನೊಬ್ಬ ಭಾರಿ ಯಂತ್ರವನ್ನು ಚಕ್ರದ ಹಲಗೆಯ ಮೇಲೆ ಸಲೀಸಾಗಿ ತಳ್ಳಿಕೊಂಡು ಹೋದದ್ದನ್ನು ಕಂಡರು. ಚಕ್ರದ ಸೂಟ್‌ಕೇಸಿಗೆ ಅವರಿಗೆ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ನಾಯಿಯನ್ನು ಕರೆದೊಯ್ಯುವಂತೆ ಪಟ್ಟಿ ಹಿಡಿದು ಎಳೆಯಬೇಕಾಗಿದ್ದ ಆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ ಮತ್ತು ಉದ್ದನೆಯ ಹಿಡಿಕೆ ಕೊಟ್ಟವರು 1987ರಲ್ಲಿ ರಾಬರ್ಟ್ ಪ್ಲಾತ್. ಅವರು ವಿಮಾನದ ಪೈಲಟ್. ಇಬ್ಬರ ಕಣ್ಣ ಮುಂದೆಯೂ ಇದ್ದದ್ದು ಕನ್ನಡಿಯಂಥ ನೆಲ. ಬಸ್ ಪ್ರಯಾಣಿಕನಿಗೆ ಸಿಗುವುದು ಕಲ್ಲು, ಕೆಸರು, ಮೆಟ್ಟಿಲು ಮತ್ತು ಮಂಡಿಯೆತ್ತರದ ಡಿಕ್ಕಿ.

ಆದ್ದರಿಂದ ಅಂಗಡಿಯ ನೆಲದ ಮೇಲೆ ಚೀಲವನ್ನು ಪರೀಕ್ಷಿಸಬೇಡಿ. ರಾತ್ರಿ ಅದು ಎಲ್ಲಿ ಮಲಗುತ್ತದೆ, ಯಾರ ಕೈ ಅದನ್ನು ಎತ್ತಿ ಎಸೆಯುತ್ತದೆ, ಇಳಿದ ಮೇಲಿನ ಕೊನೆಯ ಅರ್ಧ ಕಿಲೋಮೀಟರ್ ಹೇಗಿದೆ ಎಂಬುದನ್ನು ಯೋಚಿಸಿ ನೋಡಿ. ಮುಂದೆ ಹೇಳುವುದೆಲ್ಲ ಈ ಮೂರರ ಸುತ್ತಲೇ ಇದೆ.

ಮೊದಲು ಒಂದನ್ನು ಎರಡು ಮಾಡಿ

ಬಸ್ಸಿನಲ್ಲಿ ಲಗೇಜ್ ಎಂಬುದು ಒಂದು ವಸ್ತುವಲ್ಲ, ಎರಡು. ಡಿಕ್ಕಿಗೆ ಹೋದ ಚೀಲ ಮುಂದಿನ ಎಂಟು ಹತ್ತು ಗಂಟೆ ನಿಮ್ಮ ಪಾಲಿಗೆ ಇಲ್ಲ. ರೈಲಿನಲ್ಲಾದರೆ ಸೀಟಿನಡಿಗೆ ಬಗ್ಗಿ ಎಳೆದುಕೊಳ್ಳಬಹುದು. ಬಸ್ಸಿನಲ್ಲಿ ಅದು ನಿಮ್ಮ ಕಾಲ ಕೆಳಗೇ ಇದ್ದರೂ ಬೇರೆ ಊರಿನಲ್ಲಿದ್ದಷ್ಟು ದೂರ. ಇದನ್ನು ನಾನು ಕಲಿತದ್ದು ಒಂದು ಹವಾನಿಯಂತ್ರಿತ ಬಸ್ಸಿನಲ್ಲಿ. ಸ್ವೆಟರು, ಹೊದಿಕೆ, ಕಾಲುಚೀಲ ಮೂರನ್ನೂ ನೀಟಾಗಿ ಮಡಚಿ ದೊಡ್ಡ ಚೀಲದ ತಳಕ್ಕೆ ಸೇರಿಸಿದ್ದೆ. ಬಿಸಿಲಿನ ಮಧ್ಯಾಹ್ನ ಪ್ಯಾಕ್ ಮಾಡುವವನಿಗೆ ರಾತ್ರಿ ಎರಡು ಗಂಟೆಯ ಚಳಿ ನೆನಪಾಗುವುದಿಲ್ಲ. ಕೊನೆಗೆ ಕಿಟಕಿಯ ಪರದೆಯನ್ನೇ ಭುಜಕ್ಕೆ ಎಳೆದುಕೊಂಡು ಕುಳಿತೆ.

ಹೀಗಾಗಿ ಮಡಿಲ ಚೀಲವನ್ನೇ ಮೊದಲು ಆರಿಸಿ, ಮೊದಲು ತುಂಬಿ. ಹಣ, ಗುರುತಿನ ಪತ್ರ, ಮೊಬೈಲ್, ಚಾರ್ಜರ್, ಔಷಧಿ, ಕನ್ನಡಕ, ನೀರು, ಹೊದೆಯಲು ಒಂದು ತೆಳು ಬಟ್ಟೆ, ಹಲ್ಲುಜ್ಜುವ ಬ್ರಷ್ಷು, ಒಂದು ಜೊತೆ ಒಳಉಡುಪು. ದೊಡ್ಡ ಚೀಲ ಕಳೆದೇ ಹೋದರೂ ಒಂದು ದಿನ ತಳ್ಳುವಷ್ಟು ಇದರಲ್ಲಿರಬೇಕು. ಪವರ್ ಬ್ಯಾಂಕ್, ಲ್ಯಾಪ್‌ಟಾಪ್‌ನಂಥ ಲಿಥಿಯಂ ಬ್ಯಾಟರಿಯ ಸಾಮಾನು ಕಡ್ಡಾಯವಾಗಿ ಇಲ್ಲಿಗೇ. ಡಿಕ್ಕಿ ಬಿಸಿಲಿಗೆ ಕಾಯುತ್ತದೆ, ಹೊಡೆತವೂ ಜಾಸ್ತಿ, ಹೆಚ್ಚಿನ ದೊಡ್ಡ ಬಸ್ಸುಗಳ ಎಂಜಿನ್ ಹಿಂಬದಿಯಲ್ಲೇ ಇರುವುದರಿಂದ ಆ ಕಡೆಯ ಭಾಗ ಇನ್ನೂ ಬೆಚ್ಚಗಿರುತ್ತದೆ. ಇಂಥ ಬ್ಯಾಟರಿಗೆ ಬಿಸಿ, ಪೆಟ್ಟು ಎರಡೂ ಆಗದು. ಅಂದ ಹಾಗೆ, 10,000 ಮಿಲಿಯಾಂಪ್‌–ಅವರ್ ಪವರ್ ಬ್ಯಾಂಕ್ ಎಂದರೆ 5,000ದ ಫೋನನ್ನು ಎರಡು ಸಲ ತುಂಬಿಸುತ್ತದೆ ಎಂದು ಲೆಕ್ಕ ಹಾಕಬೇಡಿ. ವೋಲ್ಟೇಜ್ ಏರಿಸುವಾಗ, ತಂತಿಯಲ್ಲಿ ಹರಿಯುವಾಗ ಒಂದಿಷ್ಟು ಸೋರಿಹೋಗುತ್ತದೆ. ಒಂದೂವರೆ ಸಲಕ್ಕೆ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ಲಾಭ. ರಾತ್ರಿ ಪ್ರಯಾಣಕ್ಕೆ ಅಷ್ಟು ಸಾಕು. ಇದರ ದುಪ್ಪಟ್ಟಿನದನ್ನು ಹೊತ್ತರೆ ಒಂದು ಇಟ್ಟಿಗೆ ಹೊತ್ತಂತೆ.

ಗಾತ್ರದಲ್ಲಿ 10ರಿಂದ 15 ಲೀಟರ್ ದಾಟಬಾರದು ಎಂಬುದು ನನ್ನ ಹಟ. ಅದಕ್ಕೆ ಕಾರಣ ಚೀಲವಲ್ಲ, ಕಾಲು. ದೊಡ್ಡದಾದರೆ ಅದು ತೊಡೆಯಿಂದ ಜಾರಿ ಪಾದದ ಬಳಿಗೆ ಇಳಿಯುತ್ತದೆ, ಆಮೇಲೆ ರಾತ್ರಿಯಿಡೀ ಕಾಲು ಅಲ್ಲಾಡಿಸಲು ಜಾಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗೂ ಹೆಚ್ಚು ಕಾಲ ಕುಳಿತೇ ಪ್ರಯಾಣಿಸಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಮೂಲದಲ್ಲಿ ಅಪಾಯ ಚಿಕ್ಕದೇ, ಹೆದರಬೇಕಾಗಿಲ್ಲ. ಆದರೆ ಅದು ವಿಮಾನಕ್ಕೆ ಮಾತ್ರ ಅಂಟಿದ ರೋಗವಲ್ಲ, ಬಸ್ಸು, ರೈಲು, ಕಾರಿಗೂ ಅದೇ ಮಾತು. ಪಾದ ಮೇಲೆ ಕೆಳಗೆ ಆಡಿಸಲು ಬೇಕಾದ ಒಂದು ಗೇಣು ಜಾಗವನ್ನು ಚೀಲಕ್ಕೆ ಬಿಟ್ಟುಕೊಡಬೇಡಿ.

ಇನ್ನು ಮಡಿಲ ಚೀಲದ ಬಗೆ. ಬಾಯಿ ತೆರೆದ ಬಟ್ಟೆಚೀಲ ಹಗುರ, ಅಗ್ಗ, ಎಲ್ಲರ ಮನೆಯಲ್ಲೂ ಇದೆ. ಆದರೆ ಬಸ್ಸು ವಾಲಿದ ಕಡೆಗೆ ಅದರ ಒಡಲು ಬರಿದಾಗುತ್ತದೆ. ಎರಡು ಸೀಟು ಮುಂದೆ ಉರುಳಿಹೋದ ನೀರಿನ ಬಾಟಲಿಯನ್ನು ಕತ್ತಲಲ್ಲಿ ಕಾಲಿನಿಂದ ಹುಡುಕಿದವರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ಭುಜಕ್ಕೆ ಅಡ್ಡಲಾಗಿ ಹಾಕುವ ಸ್ಲಿಂಗ್ ಚೀಲ ಹಣ, ಫೋನಿಗೆ ಬಹಳ ಚೆನ್ನ. ನಿದ್ದೆಯಲ್ಲೂ ಮೈಮೇಲೆ ಇರುತ್ತದೆ, ಊಟಕ್ಕೆ ಇಳಿದಾಗ ತಾನಾಗಿಯೇ ಜೊತೆಗೆ ಬರುತ್ತದೆ. ಆದರೆ ಹೊದಿಕೆ ಅದರಲ್ಲಿ ಹಿಡಿಸುವುದಿಲ್ಲ. ಜಿಪ್ ಇರುವ ಪುಟ್ಟ ಬೆನ್ನಚೀಲವೇ ನನ್ನ ಆಯ್ಕೆ. ಮಲಗುವಾಗ ಅದರ ಒಂದು ಪಟ್ಟಿಯನ್ನು ತೊಡೆಗೋ ತೋಳಿಗೋ ಸುತ್ತಿಕೊಳ್ಳಬಹುದು. ತಲೆಯ ಮೇಲಿನ ಹಲಗೆಯಲ್ಲಿ ಇದನ್ನು ಇಡಬೇಡಿ. ಅಲ್ಲಿ ಇಡಬಹುದಾದದ್ದು, ಹೋದರೆ ಹೋಗಲಿ ಎನ್ನುವಂಥದ್ದು ಮಾತ್ರ.

ದೊಡ್ಡದು: ಚಕ್ರವೋ, ಹೆಗಲೋ, ಕೈಯೋ

ಈಗ ಡಿಕ್ಕಿಯ ಚೀಲ. ಗಟ್ಟಿ ಕವಚದ ಸೂಟ್‌ಕೇಸಿನ ಪರ ಮಾತಾಡುವವರು ಹೇಳುವುದು ರಕ್ಷಣೆಯ ಬಗ್ಗೆ. ಅದು ಸುಳ್ಳಲ್ಲ. ಪಾಲಿಕಾರ್ಬೊನೇಟ್ ಕವಚ ಭಾರ ಬಿದ್ದಾಗ ಬಾಗಿ, ಭಾರ ತೆಗೆದಾಗ ಮತ್ತೆ ಮೊದಲಿನಂತಾಗುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿನದು ಅಷ್ಟು ಬಾಗದು, ಮೂಲೆಯಲ್ಲಿ ಪೆಟ್ಟು ಬಿದ್ದರೆ ಸೀಳುತ್ತದೆ. ಪಾಲಿಪ್ರೊಪಿಲೀನ್ ಹಗುರ. ಪ್ರಶ್ನೆ ಏನೆಂದರೆ, ನೀವು ಒಯ್ಯುವುದು ಅಂಗಿ ಚಡ್ಡಿಯಾದರೆ ಅದಕ್ಕೆ ಈ ಕೋಟೆ ಏಕೆ? ಬಟ್ಟೆಗೆ ಪೆಟ್ಟು ಬಿದ್ದರೆ ಬಟ್ಟೆಗೇನೂ ಆಗುವುದಿಲ್ಲ. ಗಾಜಿನ ಸಾಮಾನೋ, ವಾದ್ಯವೋ, ಉಪಕರಣವೋ ಇದ್ದರೆ ಮಾತು ಬೇರೆ.

ಗಟ್ಟಿ ಪೆಟ್ಟಿಗೆಯ ನಿಜವಾದ ತೊಂದರೆ ಅದು ಬಗ್ಗದಿರುವುದು. ಡಿಕ್ಕಿ ತುಂಬಿದೆ, ಒಂದು ಓರೆ ಸಂದು ಮಾತ್ರ ಉಳಿದಿದೆ ಎನ್ನುವಾಗ ಮೆದು ಚೀಲವನ್ನು ಮೊಣಕಾಲಿನಿಂದ ಒತ್ತಿ ತುರುಕುತ್ತಾರೆ. ಪೆಟ್ಟಿಗೆಯನ್ನು ಆಚೆ ಇಟ್ಟು ಯೋಚಿಸುತ್ತಾರೆ. ತೆರೆಯುವುದೂ ಕಷ್ಟ. ಚಿಪ್ಪಿನಂತೆ ಎರಡು ಹೋಳಾಗಿ ತೆರೆದುಕೊಳ್ಳುವುದರಿಂದ ಅದಕ್ಕೆ ತನ್ನ ಎರಡರಷ್ಟು ನೆಲ ಬೇಕು. ಬಸ್ ನಿಲ್ದಾಣದ ಬೆಂಚಿನ ಮೇಲೆ ಅದನ್ನು ತೆರೆದರೆ ನಿಮ್ಮ ಸಂಸಾರವೆಲ್ಲ ಬೀದಿಗೆ ಬಂದಂತೆ.

ಚಕ್ರದ ಕಥೆಗೆ ಮರಳುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ನಾಲ್ಕು ಚಕ್ರದ್ದು ನುಣುಪು ನೆಲದಲ್ಲಿ ಅರಸ, ಡಿಕ್ಕಿಯಲ್ಲಿ ಅಲೆಮಾರಿ. ಅದನ್ನು ಒಯ್ಯಲೇಬೇಕಾದರೆ ಮಲಗಿಸಿ ಇಡಿ, ನಿಲ್ಲಿಸಬೇಡಿ. ಚಕ್ರಗಳು ಕವಚದಿಂದ ಹೊರಗೆ ಚಾಚಿಕೊಂಡಿರುವುದರಿಂದ ಡಿಕ್ಕಿಯ ಅಂಚಿಗೆ ತಗುಲಿ ಮೊದಲು ಮುರಿಯುವುದೂ ಅವೇ. ಎರಡು ಚಕ್ರದ್ದು ಒರಟು ದಾರಿಗೆ ಹೆಚ್ಚು ಒಗ್ಗುತ್ತದೆ. ಚಕ್ರ ಅರ್ಧ ಒಳಗೆ ಹುದುಗಿರುತ್ತದೆ, ಗಾತ್ರವೂ ಸಾಮಾನ್ಯವಾಗಿ ದೊಡ್ಡದು. ಹಲಗೆಕಲ್ಲಿನ ಸಂದಿನಲ್ಲಿ ಚಿಕ್ಕ ಚಕ್ರ ಸಿಕ್ಕಿಬೀಳುತ್ತದೆ, ದೊಡ್ಡದು ಹತ್ತಿ ಇಳಿಯುತ್ತದೆ. ಈ ಸೌಕರ್ಯಕ್ಕೆ ತೆರುವ ಬೆಲೆ ತೂಕ. 55 ಸೆಂಟಿಮೀಟರ್ ಎತ್ತರದ ಚಕ್ರದ ಪೆಟ್ಟಿಗೆ ಖಾಲಿ ಇದ್ದಾಗಲೇ ಎರಡೂವರೆಯಿಂದ ಮೂರೂವರೆ ಕಿಲೋ ತೂಗುತ್ತದೆ. ಅಷ್ಟೇ ಹಿಡಿಸುವ ಮೆದು ಬೆನ್ನಚೀಲ ಒಂದರಿಂದ ಒಂದೂವರೆ ಕಿಲೋ. ಜೊತೆಗೆ ಹಿಡಿಕೆಯ ಕೊಳವೆಗಳು ಒಳಗಿನ ನೆಲದಲ್ಲಿ ಎರಡು ದಿಣ್ಣೆ ಎಬ್ಬಿಸಿ ಜಾಗ ತಿನ್ನುತ್ತವೆ.

ಹಾಗಾದರೆ ಬೆನ್ನಚೀಲವೇ? ಎರಡು ಕೈಯೂ ಬಿಡುವಾಗಿರುವುದು ದೊಡ್ಡ ಲಾಭ. ಬಸ್ಸಿನ ಕಿರಿದಾದ ಮೆಟ್ಟಿಲಲ್ಲಿ ಒಂದು ಕೈ ಕಂಬಿಗೆ, ಒಂದು ಕೈ ಟಿಕೆಟ್ಟಿಗೆ ಬೇಕು. ಆದರೆ ಎಲ್ಲ ಬೆನ್ನಚೀಲಗಳೂ ಒಂದೇ ಅಲ್ಲ. ಹತ್ತು ಕಿಲೋ ಹೊರುವುದಾದರೆ ಸೊಂಟಕ್ಕೆ ಬಿಗಿಯುವ ದಪ್ಪ ಪಟ್ಟಿ ಇರಲೇಬೇಕು. ಅದು ಭಾರದ ಬಹುಪಾಲನ್ನು ಭುಜದಿಂದ ಇಳಿಸಿ ಸೊಂಟದ ಮೂಳೆಗೆ ಒಪ್ಪಿಸುತ್ತದೆ. ಪಟ್ಟಿ ಹೊಟ್ಟೆಯ ಮೇಲೆ ಕೂತರೆ ಅಲಂಕಾರ, ಮೂಳೆಯ ಏಣಿನ ಮೇಲೆ ಕೂತರೆ ಕೆಲಸ. ಇನ್ನೊಂದು ಗಮನಿಸಿ: ಚಾರಣಿಗರ ಚೀಲಗಳು ಹೆಚ್ಚಾಗಿ ಮೇಲಿಂದ ಮಾತ್ರ ತೆರೆಯುತ್ತವೆ, ತಳದಲ್ಲಿರುವ ಕಾಲುಚೀಲಕ್ಕಾಗಿ ಬಾವಿಗೆ ಕೈ ಹಾಕಿದಂತೆ ತಡಕಬೇಕು. ಸೂಟ್‌ಕೇಸಿನಂತೆ ಮೂರು ಬದಿಗೂ ಜಿಪ್ ಬಿಚ್ಚಿ ತೆರೆಯುವ ಬೆನ್ನಚೀಲ ಬಸ್ ಪ್ರಯಾಣಿಕನಿಗೆ ನೂರು ಪಾಲು ಮೇಲು.

ಬೆನ್ನಚೀಲದ ಶತ್ರು ಅದರ ಪಟ್ಟಿಗಳೇ. ಡಿಕ್ಕಿಯಲ್ಲಿ ಪಕ್ಕದ ಪೆಟ್ಟಿಗೆಯ ಹಿಡಿಕೆಗೋ ಕೊಕ್ಕೆಗೋ ಸಿಕ್ಕಿ, ಯಾರೋ ಎಳೆದಾಗ ಹೊಲಿಗೆ ಕಿತ್ತುಬರುತ್ತದೆ. ಪಟ್ಟಿಗಳನ್ನು ಒಳಗೆ ಅಡಗಿಸಿ ಜಿಪ್ ಹಾಕುವ ವ್ಯವಸ್ಥೆ ಇದ್ದರೆ ಅತ್ಯುತ್ತಮ. ಇಲ್ಲವಾದರೆ ಸೊಂಟಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಚೀಲದ ಹೊಟ್ಟೆಗೇ ಬಿಗಿಯಿರಿ, ಭುಜದ ಪಟ್ಟಿಗಳು ಅದರಡಿ ಕೂರುತ್ತವೆ. ಅರ್ಧ ನಿಮಿಷದ ಕೆಲಸ.

ಮೂರನೆಯದು ಡಫಲ್, ಉರುಳೆಯಾಕಾರದ ಮೆದು ಚೀಲ. ಹಗುರ, ಬಗ್ಗುತ್ತದೆ, ಖಾಲಿಯಾದಾಗ ಮಡಚಿ ಮೂಲೆಗಿಡಬಹುದು. ಎತ್ತಿ ಎಸೆಯುವವರಿಗೂ ಇಷ್ಟ, ಎರಡು ತುದಿಯಲ್ಲೂ ಹಿಡಿಕೆ ಇರುತ್ತದಲ್ಲ. ಆದರೆ ನೂರು ಹೆಜ್ಜೆ ಮೀರಿದರೆ ಒಂದು ಭುಜ ಬಾಗುತ್ತದೆ, ಚೀಲ ಪ್ರತಿ ಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಇದಕ್ಕೆ ಪರಿಹಾರ ಬೆನ್ನಿಗೆ ಹಾಕಬಹುದಾದ ಎರಡು ಪಟ್ಟಿಗಳಿರುವ ಡಫಲ್. ಬಹಳ ದೂರ ನಡೆಯುವುದಕ್ಕೆ ಅದು ಬೆನ್ನಚೀಲದಷ್ಟು ಹಿತವಲ್ಲ. ಬಸ್ಸಿಳಿದು ಕೋಣೆ ಸೇರುವಷ್ಟಕ್ಕೆ ಧಾರಾಳವಾಯಿತು.

ಚಕ್ರವೂ ಇದೆ, ಬೆನ್ನಿಗೂ ಹಾಕಬಹುದು ಎಂಬ ಎರಡು ತಲೆಯ ಚೀಲವನ್ನು ನಾನು ಒಂದು ವರ್ಷ ಸಾಕಿದೆ. ಬೆನ್ನಿಗೇರಿಸಿದಾಗ ಚಕ್ರದ ಭಾರ, ಎಳೆಯುವಾಗ ಪಟ್ಟಿಯ ಕಾಟ. ಕೊಟ್ಟುಬಿಟ್ಟೆ.

ನನ್ನ ತೀರ್ಪು ಹೀಗಿದೆ. ಆರೋಗ್ಯವಾಗಿರುವ, ಒಂಟಿಯಾಗಿ ಓಡಾಡುವ, ದಿನಕ್ಕೊಂದು ಊರು ಬದಲಿಸುವವರಿಗೆ ಮೂರು ಬದಿ ತೆರೆಯುವ ಬೆನ್ನಚೀಲ. ಒಂದೇ ಊರಿಗೆ ಹೋಗಿ, ಅಲ್ಲೇ ಹತ್ತು ದಿನ ಇದ್ದು ಬರುವವರಿಗೆ ಪಟ್ಟಿಯ ಡಫಲ್. ಬೆನ್ನು, ಭುಜ, ಮಂಡಿಯ ನೋವಿರುವವರು, ವಯಸ್ಸಾದವರು, ಗರ್ಭಿಣಿಯರು ಯಾರ ಮಾತನ್ನೂ ಕೇಳದೆ ಎರಡು ದೊಡ್ಡ ಚಕ್ರದ ಮೆದು ಚೀಲ ಒಯ್ಯಲಿ, ಅದನ್ನು ತಮ್ಮಿಂದ ಎತ್ತಲಾಗುವಷ್ಟಕ್ಕೆ ಮಾತ್ರ ತುಂಬಲಿ. ನಾಲ್ಕು ಚಕ್ರದ ಗಟ್ಟಿ ಪೆಟ್ಟಿಗೆ ಈಗಾಗಲೇ ಮನೆಯಲ್ಲಿದ್ದರೆ, ಮನೆ ಬಾಗಿಲಿಂದ ಬಾಗಿಲಿಗೆ ವಾಹನ ಸಿಗುವ ಪ್ರಯಾಣಕ್ಕೆ ಅದೇ ಸಾಕು, ಇದಕ್ಕೆಂದೇ ಹೊಸದು ಕೊಳ್ಳಬೇಡಿ. ಸಂಸಾರಸಮೇತ ಹೊರಟವರು ಎಲ್ಲರ ಬಟ್ಟೆಯನ್ನೂ ಒಂದೇ ಭೀಮಗಾತ್ರದ ಪೆಟ್ಟಿಗೆಗೆ ತುಂಬುವುದುಂಟು. ಎಣಿಸಲು ಸುಲಭ, ಒಪ್ಪುತ್ತೇನೆ. ಆದರೆ ಅದನ್ನು ಎತ್ತುವ ಶಕ್ತಿ ಮನೆಯಲ್ಲಿ ಒಬ್ಬರಿಗೇ ಇರುತ್ತದೆ, ಆ ಒಬ್ಬರ ಸೊಂಟ ಹಿಡಿದರೆ ಪ್ರವಾಸವೇ ನಿಂತಿತು. ಎರಡು ನಡು ಗಾತ್ರದ ಚೀಲ ಮಾಡಿ, ಪ್ರತಿಯೊಂದರಲ್ಲೂ ಎಲ್ಲರದೂ ಒಂದೊಂದು ಜೊತೆ ಬಟ್ಟೆ ಹಂಚಿ. ಒಂದು ಹೋದರೂ ಮಗು ಬರಿಮೈಯಲ್ಲಿ ಉಳಿಯುವುದಿಲ್ಲ.

ಬೆರಳಿನಿಂದ ನೋಡುವುದು

ಕೊಳ್ಳುವಾಗ ಚೀಟಿಯಲ್ಲಿ 420, 600, 1000 ಎಂದು ಡೆನಿಯರ್ ಲೆಕ್ಕ ಬರೆದಿರುತ್ತದೆ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೆಯೋ ಅದು ಅಷ್ಟು ಡೆನಿಯರ್. ಅಂದರೆ ಇದು ನೂಲಿನ ದಪ್ಪದ ಅಳತೆ, ಗಟ್ಟಿತನದ ಪ್ರಮಾಣಪತ್ರವಲ್ಲ. ಒಂದೇ ಡೆನಿಯರಿನ ನೈಲಾನ್ ಮತ್ತು ಪಾಲಿಯೆಸ್ಟರ್ ಇಟ್ಟು ಉಜ್ಜಿದರೆ ನೈಲಾನ್ ಹೆಚ್ಚು ಬಾಳುತ್ತದೆ. ಪಾಲಿಯೆಸ್ಟರ್ ಬಿಸಿಲಿಗೆ ಹೆಚ್ಚು ತಡೆಯುತ್ತದೆ. ಡಿಕ್ಕಿಯಲ್ಲಿ ಬಿಸಿಲಿಲ್ಲ, ಉಜ್ಜಾಟವೇ ಎಲ್ಲ, ಹಾಗಾಗಿ ನೈಲಾನ್ ಕಡೆಗೇ ನನ್ನ ಒಲವು. ಒಳಮೈ ಮುಟ್ಟಿ ನೋಡಿ. ನೀರು ತಡೆಯಲು ಬಳಿದ ಲೇಪ ಅಂಟಂಟಾಗಿದ್ದರೆ, ಹುಳಿ ವಾಸನೆ ಇದ್ದರೆ, ಆ ಚೀಲ ಗೋದಾಮಿನಲ್ಲೇ ಮುದಿಯಾಗಿದೆ ಎಂದರ್ಥ.

ಚೀಲ ಸಾಯುವುದು ಬಟ್ಟೆ ಹರಿದಲ್ಲ, ಜಿಪ್ ಕೈಕೊಟ್ಟು. ಎಳೆಯುವ ಗುಂಡಿಯ ಬೆನ್ನು ತಿರುವಿದರೆ 5, 8, 10 ಎಂಬ ಅಂಕಿ ಇರುತ್ತದೆ. ಮುಚ್ಚಿದ ಹಲ್ಲುಸಾಲಿನ ಅಗಲ ಸುಮಾರು ಅಷ್ಟು ಮಿಲಿಮೀಟರ್. ದೊಡ್ಡ ಚೀಲದ ಮುಖ್ಯ ಜಿಪ್ 8 ಅಥವಾ 10 ಇರಲಿ, 5 ಹೊರಜೇಬಿಗೆ ಸಾಕು. ಸುರುಳಿ ಹಲ್ಲಿನ ಜಿಪ್ ಒಂದು ಕಡೆ ಬಾಯಿಬಿಟ್ಟರೂ ಗುಂಡಿಯನ್ನು ಹಿಂದೆ ಮುಂದೆ ಎಳೆದರೆ ಮತ್ತೆ ಕೂಡಿಕೊಳ್ಳುತ್ತದೆ. ಬಿಡಿ ಹಲ್ಲಿನ ಜಿಪ್ಪಿನಲ್ಲಿ ಒಂದು ಹಲ್ಲು ಉದುರಿದರೆ ಕಥೆ ಮುಗಿಯಿತು. ಆದರೆ ಅದೇ ಸುರುಳಿ ಜಿಪ್ಪನ್ನು ಒಂದು ಬಾಲ್‌ಪೆನ್ನಿನ ಮೊನೆ ಚುಚ್ಚಿ ಬಿಡಿಸಬಹುದು, ಆಮೇಲೆ ಗುಂಡಿ ಓಡಿಸಿದರೆ ಏನೂ ನಡೆದಿಲ್ಲವೆಂಬಂತೆ ಮುಚ್ಚಿಕೊಳ್ಳುತ್ತದೆ. ಗುಂಡಿಗೆ ಹಾಕಿದ ಪುಟ್ಟ ಬೀಗ ಅಲ್ಲೇ ಗಂಭೀರವಾಗಿ ತೂಗಾಡುತ್ತಿರುತ್ತದೆ! ಬೀಗ ಬೇಡವೆನ್ನುವುದಿಲ್ಲ, ಚಪಲದ ಕೈಯನ್ನು ಅದು ತಡೆಯುತ್ತದೆ. ಬೆಲೆಬಾಳುವುದನ್ನು ಮಾತ್ರ ಅದರ ಭರವಸೆಯ ಮೇಲೆ ಬಿಡಬೇಡಿ.

ಜಿಪ್ ಮುಚ್ಚಿದ ಹಿಂದೆಯೇ ಬಿಚ್ಚಿಕೊಳ್ಳುತ್ತಿದೆಯೇ? ಬಹುತೇಕ ಹಲ್ಲಿನ ತಪ್ಪಿರುವುದಿಲ್ಲ, ಗುಂಡಿ ಸವೆದು ಬಾಯಿ ಅಗಲವಾಗಿರುತ್ತದೆ. ಇಕ್ಕಳದಿಂದ ಗುಂಡಿಯ ಎರಡೂ ಅಂಚನ್ನು ಒಂದಿಷ್ಟೇ ಒತ್ತಿ. ಹೆಚ್ಚು ಒತ್ತಿದರೆ ಮುರಿಯುತ್ತದೆ, ಜೋಪಾನ.

ಮಳೆಗೆ ಹೊರಕವಚ ಮಾರುತ್ತಾರೆ. ಅದು ಬೆನ್ನ ಕಡೆಯನ್ನು ಮುಚ್ಚುವುದಿಲ್ಲ, ಡಿಕ್ಕಿಯಲ್ಲಿ ಕಿತ್ತುಹೋಗುತ್ತದೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಬಟ್ಟೆಯನ್ನೆಲ್ಲ ಅದರಲ್ಲಿ ತುಂಬಿ ಬಾಯಿ ತಿರುಚಿಡುವುದು ವಾಸಿ. ನೀರು ಮೇಲಿಂದ ಬರಲಿ, ಡಿಕ್ಕಿಯ ತಳದಲ್ಲಿ ನಿಂತಿರಲಿ, ಅಂಗಿಗೆ ತಾಗದು.

ಎಷ್ಟು ದೊಡ್ಡದು?

ನಲವತ್ತು ಲೀಟರ್. 55 × 35 × 20 ಸೆಂಟಿಮೀಟರಿನ ಡಬ್ಬಿಯನ್ನು ಗುಣಿಸಿದರೆ 38.5 ಲೀಟರ್ ಬರುತ್ತದೆ, ಹೆಚ್ಚುಕಡಿಮೆ ಅದೇ ಗಾತ್ರ. ಅರವತ್ತರದು ಕೊಂಡರೆ ಅರ್ಧ ಖಾಲಿ ಬಿಡುತ್ತೇನೆ ಎಂದು ನೀವು ಹೇಳಬಹುದು. ನಾನೂ ಹೇಳಿದ್ದೆ. ಲಗೇಜಿನ ವಿಷಯದಲ್ಲಿ ನಾವು ಗಾದೆಯನ್ನು ತಪ್ಪದೆ ಪಾಲಿಸುವವರು, ಹಾಸಿಗೆ ಎಷ್ಟಿದೆಯೋ ಅಷ್ಟಕ್ಕೂ ಕಾಲು ಚಾಚುತ್ತೇವೆ. ಖಾಲಿ ಮೂಲೆ ಕಂಡರೆ "ಇರಲಿ, ಬೇಕಾದೀತು" ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ.

ಕಂಪನಿಯ ಮಿತಿಯನ್ನೂ ನೋಡಿಕೊಳ್ಳಿ. ಉದಾಹರಣೆಗೆ, ಯುರೋಪಿನಲ್ಲಿ ಓಡುವ ಫ್ಲಿಕ್ಸ್‌ಬಸ್ ಡಿಕ್ಕಿಗೆ 80 × 50 × 30 ಸೆಂಟಿಮೀಟರ್, 20 ಕಿಲೋ ಮೀರದ ಒಂದು ಚೀಲ, ಕೈಗೆ 42 × 30 × 18 ಸೆಂಟಿಮೀಟರ್, 7 ಕಿಲೋ ಮೀರದ ಇನ್ನೊಂದು ಎಂದು ಗೆರೆ ಎಳೆದಿದೆ. ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ಅದೂ ಬದಲಾಗುತ್ತಿರುತ್ತದೆ, ಟಿಕೆಟ್ ಕೊಳ್ಳುವಾಗಲೇ ಓದಿ. ಆದರೆ ಇಪ್ಪತ್ತು ಕಿಲೋ ಒಯ್ಯಲು ಬಿಡುತ್ತಾರೆ ಎಂಬುದು ಇಪ್ಪತ್ತು ಕಿಲೋ ಒಯ್ಯಲು ಕಾರಣವಾಗಬೇಕಿಲ್ಲ. ಎಂಟು, ಹೆಚ್ಚೆಂದರೆ ಹತ್ತು ಸಾಕು. ಮನೆಯಲ್ಲಿ ಮೈ ತೂಕ ನೋಡುವ ಯಂತ್ರವಿದ್ದರೆ ಚೀಲ ಹೊತ್ತು ಒಮ್ಮೆ, ಹೊರದೆ ಒಮ್ಮೆ ನಿಂತು ಕಳೆಯಿರಿ.

ಬಿಟ್ಟುಹೋಗುವುದನ್ನು ಆರಿಸುವುದು

ಪ್ರಯಾಣ ಎಷ್ಟು ದಿನ ಎಂದು ಎಣಿಸಿ ಬಟ್ಟೆ ಜೋಡಿಸುವವರ ಚೀಲ ಎಂದೂ ಹಗುರಾಗದು. ಎಣಿಸಬೇಕಾದದ್ದು ಒಂದು ಒಗೆತದಿಂದ ಮುಂದಿನ ಒಗೆತದವರೆಗಿನ ದಿನಗಳನ್ನು. ನಾಲ್ಕು ದಿನಕ್ಕೊಮ್ಮೆ ಒಗೆಯಬಹುದಾದರೆ ಹತ್ತು ದಿನಕ್ಕೂ ಒಂದು ತಿಂಗಳಿಗೂ ಬೇಕಾಗುವುದು ಒಂದೇ: ನಾಲ್ಕು ಮೇಲಂಗಿ, ಎರಡು ಪ್ಯಾಂಟ್, ಐದು ಒಳಉಡುಪು, ಮೂರು ಜೊತೆ ಕಾಲುಚೀಲ, ಬೆಚ್ಚನೆಯದೊಂದು. ಇವುಗಳಲ್ಲಿ ಒಂದು ಜೊತೆ ಹೇಗೂ ಮೈಮೇಲಿರುತ್ತದೆ.

ತೂಕ ಎಲ್ಲಿ ಅಡಗಿದೆ ಎಂದು ಹುಡುಕಿದರೆ ಮೂರು ಕಡೆ ಸಿಗುತ್ತದೆ. ಜೀನ್ಸ್ ಒಂದಕ್ಕೆ 600ರಿಂದ 800 ಗ್ರಾಂ, ಒದ್ದೆಯಾದರೆ ಒಣಗಲು ಒಂದು ಹಗಲು ಸಾಲದು. ಅದನ್ನು ತೊಟ್ಟುಕೊಂಡು ಹೋಗಿ ಅಥವಾ ಮನೆಯಲ್ಲಿ ಬಿಡಿ. ದಪ್ಪ ಟವೆಲ್ ಅರ್ಧ ಕಿಲೋ. ತೆಳುವಾದ ಹತ್ತಿ ಬಟ್ಟೆ ಅದರ ಮೂರನೆಯ ಒಂದು ಪಾಲೂ ಇಲ್ಲ, ಒರೆಸುತ್ತದೆ, ಹೊದಿಕೆಯಾಗುತ್ತದೆ, ಸುತ್ತಿದರೆ ತಲೆದಿಂಬು. ಮೂರನೆಯದು ಪಾದರಕ್ಷೆ. ಕಾಲಲ್ಲಿ ಬೂಟು, ಚೀಲದಲ್ಲಿ ಚಪ್ಪಲಿ, ಅಲ್ಲಿಗೆ ಮುಗಿಯಬೇಕು. ನಾಲ್ಕನೆಯ ಕಡೆಯೂ ಒಂದಿದೆ, "ದಾರಿಯಲ್ಲಿ ಓದೋಣ" ಎಂದು ಒಯ್ಯುವ ದಪ್ಪ ಪುಸ್ತಕ. ಅದರ ವಿರುದ್ಧ ಬರೆಯುವ ನೈತಿಕ ಹಕ್ಕು ನನಗಿಲ್ಲ.

ಸಂಜೆ ಒಗೆದದ್ದು ಬೆಳಗ್ಗೆ ಬಸ್ಸಿಗೆ ಒಣಗಬೇಕಾದರೆ ಹೀಗೆ ಮಾಡಿ. ಅಂಗಿಯನ್ನು ಹಿಂಡಿ ಒಣ ಟವೆಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಬಿಗಿಯಾಗಿ ಸುರುಳಿ ಸುತ್ತಿ, ಅದರ ಮೇಲೆ ಮಂಡಿಯೂರಿ ಒತ್ತಿ ತಿರುಚಿ. ನೀರಿನ ಬಹುಪಾಲು ಟವೆಲಿಗೆ ಹೋಗುತ್ತದೆ. ಆಮೇಲೆ ತೂಗುಹಾಕಿದರೆ ಪಾಲಿಯೆಸ್ಟರ್ ಅಂಗಿ ರಾತ್ರಿಯೊಳಗೆ ಗರಿಗರಿ, ಹತ್ತಿಯದು ಅಂಚಿನಲ್ಲಿ ಕೊಂಚ ತೇವ.

ಬಟ್ಟೆಯನ್ನು ಮಡಚುವುದೋ, ಸುರುಳಿ ಸುತ್ತುವುದೋ ಎಂಬ ಜಗಳದಲ್ಲಿ ನಾನು ತಟಸ್ಥ. ಸುರುಳಿಯಲ್ಲಿ ಎಲ್ಲವೂ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ ಎಂಬುದಷ್ಟೇ ನಿಜ. ಗಾಳಿ ಹೊರದೂಡಿ ಬಟ್ಟೆಯನ್ನು ಚಪ್ಪಟೆ ಮಾಡುವ ಚೀಲಗಳ ಬಗ್ಗೆ ಮಾತ್ರ ಎಚ್ಚರ. ಅವು ಗಾತ್ರ ಇಳಿಸುತ್ತವೆ, ತೂಕವನ್ನಲ್ಲ, ಉಳಿದ ಜಾಗದಲ್ಲಿ ನೀವು ಇನ್ನೆರಡು ಅಂಗಿ ತುರುಕುತ್ತೀರಿ.

ಘಟ್ಟ ಹತ್ತುವ ದಾರಿಯಾದರೆ ಶಾಂಪೂ ಬಾಟಲಿಯ ಮೇಲೆ ಕಣ್ಣಿರಲಿ. ಸಮುದ್ರಮಟ್ಟದಿಂದ 2,000 ಮೀಟರ್ ಏರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಐದನೆಯ ಒಂದು ಪಾಲು ಇಳಿಯುತ್ತದೆ. ಕೆಳಗೆ ಮುಚ್ಚಿದ ಬಾಟಲಿಯೊಳಗಿನ ಗಾಳಿ ಉಬ್ಬಿ, ಮುಚ್ಚಳದ ಸಂದಿನಿಂದ ಶಾಂಪೂವನ್ನು ಹೊರಕ್ಕೆ ನೂಕುತ್ತದೆ. ಮುಚ್ಚುವ ಮೊದಲು ಬಾಟಲಿಯನ್ನು ಅದುಮಿ, ದ್ರವ ಬಾಯಿವರೆಗೆ ಬಂದಾಗ ಮುಚ್ಚಳ ತಿರುಗಿಸಿ. ಇಲ್ಲವೇ ಬಾರ್ ಸೋಪಿಗೆ ಶರಣಾಗಿ, ಅದಕ್ಕೆ ಬೆಟ್ಟವೂ ಒಂದೇ, ಬಯಲೂ ಒಂದೇ.

ಹತ್ತಿಸುವಾಗ, ಇಳಿಸುವಾಗ

ಕಪ್ಪು ಚೀಲವನ್ನು ಕೊಳ್ಳಬೇಡಿ. ಕೊಂಡಾಗಿದ್ದರೆ ಹಿಡಿಕೆಗೆ ಗಾಢ ಬಣ್ಣದ ಬಟ್ಟೆಯ ಪಟ್ಟಿಯನ್ನು ಹೊಲಿಯಿರಿ, ಕಟ್ಟಿದ ರಿಬ್ಬನ್ ಬಿಚ್ಚಿಹೋಗುತ್ತದೆ. ಹೆಸರಿನ ಚೀಟಿಯಲ್ಲಿ ಫೋನ್ ಸಂಖ್ಯೆ ಸಾಕು, ಮನೆ ವಿಳಾಸ ಬೇಡ. ಅದೇ ಚೀಟಿಯ ಇನ್ನೊಂದು ಪ್ರತಿ ಚೀಲದೊಳಗೂ ಇರಲಿ. ಡಿಕ್ಕಿಗೆ ಇಟ್ಟಾಗ ಎಡಬದಿಯೋ ಬಲಬದಿಯೋ ಎಂಬುದು ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ, ನಿರ್ವಾಹಕರು ಲಗೇಜಿಗೆ ಚೀಟಿ ಕೊಟ್ಟರೆ ಅದನ್ನು ಮೊಬೈಲ್ ಕವಚದ ಹಿಂದೆ ಸಿಕ್ಕಿಸಿ. ನಡುದಾರಿಯಲ್ಲಿ ಇಳಿಯುವವರು ಅದನ್ನು ಹತ್ತುವಾಗಲೇ ಹೇಳಿ, ಚೀಲ ಕೊನೆಗೆ ಇಡಿಸಿ.

2021ರಲ್ಲಿ ಆಪಲ್ ಏರ್‌ಟ್ಯಾಗ್ ತಂದ ಮೇಲೆ ಚೀಲದೊಳಗೆ ಪತ್ತೆಬಿಲ್ಲೆ ಹಾಕುವವರು ಹೆಚ್ಚಿದ್ದಾರೆ. ಆ ಬಿಲ್ಲೆಗೆ ತನ್ನದೇ ಕಣ್ಣಿಲ್ಲ, ಹತ್ತಿರ ಸುಳಿಯುವ ಇತರರ ಫೋನುಗಳ ಮೂಲಕವೇ ಅದು ತಾನಿರುವ ಜಾಗ ತಿಳಿಸುತ್ತದೆ. ನಿಮ್ಮ ಚೀಲ ಮುಂದಿನ ಊರಿಗೆ ಹೋಯಿತು ಎಂದು ಅದು ಹೇಳೀತು, ಹಿಂದಕ್ಕೆ ಕರೆತರುವುದಿಲ್ಲ. ಬಸ್ಸು ನಿಂತಾಗ ಕಿಟಕಿಯಿಂದ ಡಿಕ್ಕಿಯ ಕಡೆ ಒಮ್ಮೆ ಬಗ್ಗಿ ನೋಡುವ ಹಳೆಯ ಅಭ್ಯಾಸವನ್ನು ನಾನಂತೂ ಬಿಟ್ಟಿಲ್ಲ.

ಹೊರಡುವ ಹಿಂದಿನ ದಿನ ತುಂಬಿದ ಚೀಲ ಹೊತ್ತು ಕಾಲು ಗಂಟೆ ನಡೆಯಿರಿ, ಒಂದು ಮಹಡಿ ಹತ್ತಿ ಇಳಿಯಿರಿ. ನೆರೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮರಳಿ ಬಂದ ಕೂಡಲೇ, ಭುಜದ ನೋವು ಆರುವ ಮೊದಲೇ, ಚೀಲ ಬಿಚ್ಚಿ ಎರಡು ವಸ್ತು ತೆಗೆದಿಡಿ. ಆಗ ತೆಗೆಯಲು ಮನಸ್ಸು ಬರುತ್ತದೆ, ಮರುದಿನ ಬೆಳಗ್ಗೆ ಬರುವುದಿಲ್ಲ. ಆ ಎರಡರ ಜಾಗವನ್ನು ಹಾಗೇ ಖಾಲಿ ಬಿಡಿ. ವಾಪಸು ಬರುವಾಗ ಕೊಳೆ ಬಟ್ಟೆ ಇಸ್ತ್ರಿಯ ಬಟ್ಟೆಯಂತೆ ಶಿಸ್ತಾಗಿ ಕೂರುವುದಿಲ್ಲ, ಅದಕ್ಕೆ ಹೆಚ್ಚು ಜಾಗ ಬೇಕು.